ಮೂರನೆಯ ಹಾಡಿನ ಮೌನ

ನಮ್ಮೂರಿಗೆ ಹೆಣ್ಣು ಕೊಡಲು ಬರುವವರು ಹುಡುಗನ ಕೆಲಸ, ನಡತೆ ಎಲ್ಲವನ್ನೂ ಆಮೇಲೆ ವಿಚಾರಿಸುತ್ತಾರೆ. ಮೊದಲು ಕೇಳುವುದು, ನಿಮ್ಮ ಮನೆ ಏನನ್ನು ನುಂಗುತ್ತದೆ ಎಂದು. ಕೇಳಲೇಬೇಕಲ್ಲ, ಮಗಳು ಬಾಳಬೇಕಾದ ಮನೆ. ಅಂಚೆಯ ವಾಮನಯ್ಯನವರ ಮನೆಯಲ್ಲಿ ಯಾವ ಹಾಡಿನ ಪ್ಲೇಟು ಹಾಕಿದರೂ ಸ್ಪೀಕರಿನಿಂದ ಪಿಟೀಲು ಬರುವುದಿಲ್ಲ, ಉಳಿದದ್ದೆಲ್ಲ ಬರುತ್ತದೆ. ಸೈಕಲ್ ಶಾಪಿನ ಹುಸೇನಣ್ಣನ ಮನೆಯಲ್ಲಿ ತಬಲಾ, ಮೃದಂಗ, ಡೋಲು, ಬಡಿಯುವ ವಾದ್ಯ ಯಾವುದೂ ಇಲ್ಲ. ಆ ಮನೆಯಲ್ಲಿ ಬೆಳೆದ ಮಕ್ಕಳು ಮೆರವಣಿಗೆಯಲ್ಲಿ ಕುಣಿದರೆ ನೋಡಲಾಗುವುದಿಲ್ಲ. ನನ್ನ ಮನೆ ಹಾಡುವವರ ದನಿಯನ್ನೇ ನುಂಗುತ್ತದೆ. ಗಂಡು ಹಾಡಲಿ ಹೆಣ್ಣು ಹಾಡಲಿ, ನಮ್ಮಲ್ಲಿ ವಾದ್ಯ ಮಾತ್ರ. ಮದುವೆಯಾಗಿ ಬಂದ ಹೊಸದರಲ್ಲಿ ಇದಕ್ಕಾಗಿ ಅತ್ತದ್ದೂ ಉಂಟು. ಈಗ ಬೇರೆಯವರ ಮನೆಯಲ್ಲಿ ಯಾರಾದರೂ ಹಾಡುವುದು ಕೇಳಿದರೆ, ಒಳ್ಳೆಯ ವಾದ್ಯದ ನಡುವೆ ಇವರು ಯಾಕೆ ಬಾಯಿ ಹಾಕುತ್ತಾರೆ ಅನ್ನಿಸುತ್ತದೆ.

ಹೀಗಿರುವುದರಿಂದ ನಮ್ಮಲ್ಲಿ ಯಾರ ಆಲ್ಬಮ್ಮೂ ಅವರ ಮನೆಯಲ್ಲೇ ಉಳಿಯುವುದಿಲ್ಲ. ಹೊಸದು ತಂದವರು ಮೊದಲು ತಮ್ಮ ಮನೆಯಲ್ಲಿ ಕೇಳುತ್ತಾರೆ, ಆಮೇಲೆ ಕಂಕುಳಲ್ಲಿ ಇಟ್ಟುಕೊಂಡು ಹೊರಡುತ್ತಾರೆ. ಪಿಟೀಲಿಗೆ ಒಬ್ಬರ ಮನೆ, ಕೊಳಲಿಗೆ ಇನ್ನೊಬ್ಬರ ಮನೆ. ಮೂರು ಮನೆ ಸುತ್ತಿದರೆ ಒಂದು ಹಾಡು ಅನ್ನುವ ಮಾತೇ ನಮ್ಮಲ್ಲಿದೆ. ಬೀದಿಯಲ್ಲಿ ಎದುರಾದವರು ಊಟ ಆಯಿತೇ ಅನ್ನುವ ಬದಲು, ಆ ಪ್ಲೇಟು ನಿಮ್ಮನೇಲಿ ಹೇಗೆ ಕೇಳ್ತದೆ ಅನ್ನುತ್ತಾರೆ. ಹಬ್ಬಕ್ಕೆ ಎದುರುಬದುರು ಮನೆಯವರು ಬಾಗಿಲು ತೆರೆದು ಒಂದೇ ಪ್ಲೇಟನ್ನು ಒಂದೇ ಸಲ ಹಾಕುತ್ತಾರೆ. ಅದಕ್ಕೆ ಜೋಡಿ ಹಾಕುವುದು ಎಂದು ಹೆಸರು. ನಾವೆಲ್ಲ ನಡುಬೀದಿಯಲ್ಲಿ ನಿಂತು ಇಡೀ ಹಾಡು ಕೇಳುತ್ತೇವೆ. ಸೆಟ್ಟು ಬದಲಾಯಿಸಿ ನೋಡಿದವರಿದ್ದಾರೆ, ಗೋಡೆ ಕೆಡವಿ ಕಟ್ಟಿಸಿದವರಿದ್ದಾರೆ, ಏನೂ ಉಪಯೋಗವಾಗಲಿಲ್ಲ. ತನ್ನ ಮನೆ ಏನನ್ನು ನುಂಗುತ್ತದೆ ಎಂದು ಹೇಳಿಕೊಳ್ಳಲು ನಮ್ಮಲ್ಲಿ ಯಾರಿಗೂ ನಾಚಿಕೆಯಿಲ್ಲ. ಮುರಿಗೆಪ್ಪನವರೊಬ್ಬರನ್ನು ಬಿಟ್ಟು.

ನನ್ನದು ಹಿಟ್ಟಿನ ಗಿರಣಿ, ಗಿರಣಿಗೆ ಹೊಂದಿಕೊಂಡೇ ಮನೆ. ಅದಕ್ಕೆ ನೇರ ಎದುರಿಗೆ ಮುರಿಗೆಪ್ಪನವರ ಮನೆ. ಮರದ ಡಿಪೋ ಇಟ್ಟವರು, ಮರ ಅಂದರೆ ಪ್ರಾಣ. ಹೊನ್ನೆ ಹಲಗೆ ಕೊಯ್ಸಿ, ತಾವೇ ತೋಪಡ ಹಿಡಿದು ಉಜ್ಜಿ, ಎದೆಯೆತ್ತರದ ಎರಡು ಸ್ಪೀಕರ್ ಪೆಟ್ಟಿಗೆ ಮಾಡಿ ನಡುಮನೆಯಲ್ಲಿ ನಿಲ್ಲಿಸಿದ್ದರು. ದನಿಯೇನೋ ಚಿನ್ನದಂಥದ್ದೇ, ಸುಳ್ಳು ಹೇಳಬಾರದು. ಆದರೆ ಅವರು ತಮ್ಮ ಮನೆ ಏನನ್ನೂ ನುಂಗುವುದಿಲ್ಲ, ಇಡೀ ಊರಿನಲ್ಲಿ ಸರಿಯಾಗಿ ಕೇಳಿಸುವುದು ತಮ್ಮಲ್ಲೊಂದೇ ಎನ್ನುತ್ತಿದ್ದರು. ಆ ಮನೆ ಕ್ಲಾರಿನೆಟ್ ನುಂಗುತ್ತದೆ ಎಂಬುದು ಬೀದಿಗೆಲ್ಲ ಗೊತ್ತಿತ್ತು. ಕ್ಲಾರಿನೆಟ್ ಇರುವ ಪ್ಲೇಟುಗಳು ಕಡಿಮೆ, ಹಾಗಾಗಿ ಅವರ ಮಾತು ನಡೆದುಕೊಂಡು ಬಂದಿತ್ತು. ಒಮ್ಮೆ ವಾಮನಯ್ಯನವರು ಬಾಯಿ ತಪ್ಪಿ, ಇಲ್ಲೊಂದು ಕ್ಲಾರಿನೆಟ್ ಬರಬೇಕಲ್ಲ ಅಂದುಬಿಟ್ಟರು. ಮುರಿಗೆಪ್ಪನವರು ಸಿಟ್ಟಾಗಲಿಲ್ಲ, ನಕ್ಕರು. ನಿಮ್ಮ ಮನೆಗಳು ನುಂಗುವುದಷ್ಟೇ ಅಲ್ಲ, ಇಲ್ಲದ್ದನ್ನು ಸೇರಿಸುತ್ತವೆ ಕೂಡ, ಅದು ನಿಮಗೆ ಗೊತ್ತಾಗುವುದಿಲ್ಲ ಅಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ವಾಮನಯ್ಯನವರಿಗೆ ಎಷ್ಟೋ ವಾರ ಆ ಮನೆಯಿಂದ ಕರೆ ಬರಲಿಲ್ಲ.

ಕರೆ ಅಂದರೆ ಭಾನುವಾರ ಬೆಳಗಿನ ಕೂಟ. ಜಮಖಾನ ಹಾಸಿ, ಎಲ್ಲರಿಗೂ ಉಪ್ಪಿಟ್ಟು ಕಾಫಿ ಕೊಟ್ಟು, ಮುರಿಗೆಪ್ಪನವರು ತಮಗಿಷ್ಟವಾದ ಪ್ಲೇಟು ಹಾಕಿಸುವರು. ಕೊನೆಗೆ ಯಾವಾಗಲೂ ಕೆಂಪು ಕವರಿನ ಆಲ್ಬಂ. ಅದರ ಮೂರನೆಯ ಹಾಡಿನಲ್ಲಿ ಎರಡನೆಯ ಚರಣ ಮುಗಿದ ಮೇಲೆ ತಬಲಾ, ಹಾರ್ಮೋನಿಯಂ ಎಲ್ಲ ನಿಂತು ಕ್ಲಾರಿನೆಟ್ ಒಂದೇ ನುಡಿಯುತ್ತದೆ. ಆಮೇಲೆ ಹಾಡುಗಾರ ಅದೇ ಸ್ವರ ಹಿಡಿದು ಮತ್ತೆ ಎತ್ತಿಕೊಳ್ಳುತ್ತಾನೆ. ನಮ್ಮೆಲ್ಲರ ಮನೆಗಳಲ್ಲಿ ಆ ಕ್ಲಾರಿನೆಟ್ ಕೇಳುತ್ತದೆ. ಮುರಿಗೆಪ್ಪನವರ ಮನೆಯಲ್ಲಿ ಅಲ್ಲಿ ಏನೂ ಇಲ್ಲ. ಅವರು ಬೆರಳೆತ್ತಿ, ಈಗ ಕೇಳಿ ಅನ್ನುವರು. ಎಲ್ಲರೂ ಕಣ್ಣು ಮುಚ್ಚಿ ಆ ಮೌನ ಕೇಳುವರು. ಇಂಥ ಮೌನವನ್ನು ಹಾಡಿನ ನಡುವೆ ಇಡುವುದಕ್ಕೆ ಎಂಥ ಎದೆಗಾರಿಕೆ ಬೇಕು ಎಂದು ಅವರು ಹೇಳಿದರೆ ನಾವು ತಲೆದೂಗುವೆವು. ಉಪ್ಪಿಟ್ಟು ತಿಂದ ಬಾಯಿ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಬರಬರುತ್ತಾ ಆ ಮೌನಕ್ಕೆ ಹೆಸರಾಗಿ ಬೇರೆ ಬೀದಿಯವರೂ ಕೇಳಲು ಬರತೊಡಗಿದರು.

ಆ ಮನೆಗೆ ಸೊಸೆಯಾಗಿ ಬಂದವಳು ನೀಲಾಂಬಿಕೆ. ನೆರೆಯೂರಿನ ಬ್ಯಾಂಡಿನ ಚೆನ್ನವೀರಪ್ಪನವರ ಮಗಳು. ಎತ್ತರದ ಹುಡುಗಿ, ನಡೆದರೆ ನೆಲ ಅದುರಬೇಕು, ಮಾತು ಕಡಿಮೆ, ಆಡಿದರೆ ಕಡ್ಡಿ ಮುರಿದಂತೆ. ಮುರಿಗೆಪ್ಪನವರ ಮಗ ಶಂಭುಲಿಂಗ ಅವಳಿಗೆ ತಕ್ಕ ಎತ್ತರವಿದ್ದ, ತಕ್ಕ ಧೈರ್ಯ ಇರಲಿಲ್ಲ. ಮದುವೆಗೆ ಮುಂಚೆ ಅವಳಪ್ಪ ವಾಡಿಕೆಯಂತೆ ಕೇಳಿದಾಗ ಬೀಗರು, ನಮ್ಮ ಮನೆ ಏನನ್ನೂ ನುಂಗುವುದಿಲ್ಲ ಎಂದಿದ್ದರಂತೆ. ಇಂಥ ಮನೆ ಯಾವ ಪುಣ್ಯಕ್ಕೆ ಸಿಕ್ಕಿತೋ ಎಂದು ಹುಡುಗಿ ಕುಣಿದಾಡುತ್ತ ಬಂದಳು. ಸೀರೆಗಳ ಟ್ರಂಕಿನ ಜೊತೆ ಇನ್ನೊಂದು ಉದ್ದನೆಯ ಪೆಟ್ಟಿಗೆ ಬಂದದ್ದನ್ನು ನಾನು ಗಿರಣಿಯ ಬಾಗಿಲಲ್ಲಿ ನಿಂತು ನೋಡಿದ್ದೆ. ಅದರಲ್ಲಿ ಅವಳ ಕ್ಲಾರಿನೆಟ್ ಇತ್ತು.

ಮದುವೆಯಾದ ಮೇಲಿನ ಮೊದಲ ಭಾನುವಾರ ನಾನೂ ಅಲ್ಲಿದ್ದೆ. ಕೆಂಪು ಕವರು ಹೊರಬಂದದ್ದೇ ನೀಲಾಂಬಿಕೆಯ ಮುಖ ಅರಳಿತು. ಮೂರನೆಯ ಹಾಡು ಬಂತು, ಎರಡನೆಯ ಚರಣ ಮುಗಿಯಿತು, ಮುರಿಗೆಪ್ಪನವರು ಬೆರಳೆತ್ತಿದರು. ಅವಳು ಒಂದು ಗಳಿಗೆ ಕಾದಳು, ಅತ್ತಿತ್ತ ನೋಡಿದಳು, ಎದ್ದು ಹೋಗಿ ಸ್ಪೀಕರಿನ ಹಿಂದೆ ಬಗ್ಗಿದಳು. ವೈರು ಬಿಟ್ಟುಹೋಗಿದೆ ಅನ್ಸುತ್ತೆ ಮಾವ, ಅಂದಳು. ನಾವೆಲ್ಲ ಮುರಿಗೆಪ್ಪನವರ ಕಡೆ ನೋಡಿದೆವು. ವೈರೇನೂ ಬಿಟ್ಟಿಲ್ಲ, ಅದೇ ಈ ಹಾಡಿನ ಜೀವ, ಕೂತು ಕೇಳು ಎಂದು ಅವರು ಸಮಾಧಾನದಿಂದಲೇ ಹೇಳಿದರು. ಅವಳು ಕೂರಲಿಲ್ಲ.

“ಅಲ್ಲಿ ಕ್ಲಾರಿನೆಟ್ ಇದೆ ಮಾವ. ಊದಿರೋದು ನಾನು.”

ಆಮೇಲೆ ಅವಳು ಹೇಳಿದ್ದಿಷ್ಟು. ರೆಕಾರ್ಡಿಂಗಿಗೆ ಹೋಗಬೇಕಿದ್ದವರು ಅವಳಪ್ಪ. ಹಿಂದಿನ ದಿನ ಮುಂದಿನ ಹಲ್ಲು ಕೀಳಿಸಿಕೊಂಡು ಊದಲಾಗದೆ ಮಗಳನ್ನು ಕರೆದುಕೊಂಡು ಹೋಗಿ ಕೂರಿಸಿದರು. ಅವಳು ಆಗಷ್ಟೇ ಸ್ಕೂಲು ಬಿಟ್ಟ ಹುಡುಗಿ. ಕವರಿನ ಹಿಂದೆ ಹಾಡುಗಾರನ ಹೆಸರಿದೆ, ರಾಗ ಹಾಕಿದವರ ಹೆಸರಿದೆ, ಉಳಿದವರೆಲ್ಲ ‘ಮತ್ತು ಸಂಗಡಿಗರು’. ಆ ಸಂಗಡಿಗರಲ್ಲಿ ಒಬ್ಬಳು ತಾನು. ಇಷ್ಟು ಹೇಳಿ ನಮ್ಮ ಕಡೆ ನೋಡಿದಳು, ಯಾರಾದರೂ ಹೌದೆನ್ನಲಿ ಎಂದು. ವಾಮನಯ್ಯನವರು ಕಾಫಿ ಲೋಟದ ತಳ ನೋಡತೊಡಗಿದರು. ಮುರಿಗೆಪ್ಪನವರು ಈ ಸಲ ನಗಲಿಲ್ಲ. ಹತ್ತು ಜನರೆದುರು, ಬಂದು ವಾರವಾಗದ ಸೊಸೆಗೆ, “ಈ ಮನೇಲಿ ಇಷ್ಟು ದಿನ ಯಾರೂ ಸುಳ್ಳು ಹೇಳಿರಲಿಲ್ಲ” ಅಂದರು. ಶಂಭುಲಿಂಗ ಪ್ಲೇಟು ತೆಗೆದು ಕವರಿಗೆ ಹಾಕಿದ.

ಮರುದಿನ ಅವಳು ರಾಗಿ ಬೀಸಿಸಲು ಬಂದಳು. ಕಣ್ಣು ಕೆಂಪಗಿದ್ದವು, ದನಿ ಗಟ್ಟಿಯಾಗಿತ್ತು. ನಿಮ್ಮನೇಲಿ ಅದು ಕೇಳ್ತದಾ ರುದ್ರಕ್ಕ ಎಂದಳು. ಕೇಳ್ತದೆ ಕಣೇ, ಚೆನ್ನಾಗಿ ಕೇಳ್ತದೆ ಅಂದೆ. ಹಾಗಾದ್ರೆ ಸಾಕು, ಅವರ ಕಿವಿಗೆ ಅದನ್ನ ಬೀಳಿಸದೆ ನಾನು ಬಿಡೋದಿಲ್ಲ ಎಂದಳು. ತಾನು ಸುಳ್ಳಿ ಅಲ್ಲ ಎಂದು ಆ ಮನುಷ್ಯನ ಬಾಯಲ್ಲೇ ಬರಬೇಕು, ಅಲ್ಲಿಯವರೆಗೆ ತವರಿನ ಮೆಟ್ಟಿಲು ತುಳಿಯುವುದಿಲ್ಲ ಅಂದಳು. ಅಪ್ಪ, ಏನಮ್ಮಾ, ನಿನ್ನ ಕ್ಲಾರಿನೆಟ್ ಕೇಳಿ ಮಾವ ಏನಂದರು ಎಂದು ಕೇಳಿದರೆ ಯಾವ ಮುಖ ಇಟ್ಟುಕೊಂಡು ಉತ್ತರ ಹೇಳಲಿ ಎನ್ನುವುದು ಅವಳ ಸಂಕಟ. ಆವತ್ತಿನಿಂದ ಅವಳ ಹಟಕ್ಕೆ ನಾನೂ ಕೈ ಜೋಡಿಸಿದೆ.

ಮೊದಲು ಮಾವನನ್ನು ನಮ್ಮ ಮನೆಗೆ ಕರೆದಳು. ಬೀದಿ ದಾಟಿದರೆ ಸಾಕು, ಒಂದು ಹಾಡು ಕೇಳಿ ಬನ್ನಿ ಎಂದಳು. ಇನ್ನೊಬ್ಬರ ಮನೆಯಲ್ಲಿ ಪ್ಲೇಟು ಕೇಳುವ ಗತಿ ತನಗೆ ಬಂದಿಲ್ಲ ಎಂದರು. ಆಮೇಲೆ ಅವಳು ಎಲ್ಲಿಂದಲೋ ಬರೀ ಕ್ಲಾರಿನೆಟ್ಟಿನದೇ ಒಂದು ಆಲ್ಬಂ ತರಿಸಿದಳು. ಅವಳ ಲೆಕ್ಕ ಸರಿಯಾಗಿಯೇ ಇತ್ತು: ಹಾಡಿನ ನಡುವಿನ ತುಣುಕಾದರೆ ಮೌನ ಅನ್ನಬಹುದು, ಇಡೀ ಪ್ಲೇಟೇ ಖಾಲಿಯಾದರೆ ಏನಂದಾರು? ಭಾನುವಾರ ಅದನ್ನು ಹಾಕಿದರು. ನುಡಿಸುವವನ ಸುಳಿವೇ ಇಲ್ಲ, ಹಿಂದೆ ಬಾರಿಸುವ ಡೋಲು ಮಾತ್ರ ಡಬಡಬ ಎಂದು ಪ್ಲೇಟು ಮುಗಿಯುವವರೆಗೆ ಬಡಿಯಿತು. ನಾನು ಸೆರಗು ಬಾಯಿಗಿಟ್ಟುಕೊಂಡೆ. ಮುರಿಗೆಪ್ಪನವರು ತೊಡೆ ತಟ್ಟುತ್ತಾ ಕೇಳಿ, ಕೊನೆಗೆ ಕಣ್ಣು ತೆರೆದು, ಡೋಲಿನವನೊಬ್ಬನೇ ಇಷ್ಟು ಹೊತ್ತು ಕೂರಿಸಿಬಿಟ್ಟನಲ್ಲ, ಎಂಥ ಕೈ ಎಂದರು. ಹುಸೇನಣ್ಣನೂ ಹೌದೆಂದ. ಅವನಿಗೆ ಅಪರೂಪಕ್ಕೆ ಡೋಲು ಕೇಳಿದ ಸಂತೋಷ. ನೀಲಾಂಬಿಕೆ ಹಲ್ಲು ಕಚ್ಚಿಕೊಂಡು ಉಪ್ಪಿಟ್ಟಿನ ತಟ್ಟೆ ಎತ್ತಿದಳು.

ಮುಂದಿನದು ಜೋಡಿ. ಅವರ ಮನೆಯಲ್ಲಿ ಪ್ಲೇಟಿನ ಮೇಲೆ ಮುಳ್ಳು ಇಡುವ ಹೊತ್ತಿಗೆ ಸರಿಯಾಗಿ ಅವಳು ಕಿಟಕಿಯಿಂದ ಕೈ ಬೀಸಬೇಕು, ನಾನು ನಮ್ಮಲ್ಲಿ ಮುಳ್ಳು ಇಡಬೇಕು ಎಂದು ಮಾತಾಯಿತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದು ಹಾಗೆಯೇ ಮಾಡಿದೆವು. ಮೊದಲ ಎರಡು ಹಾಡು ಎರಡೂ ಮನೆಯಿಂದ ಕೂಡಿಕೊಂಡು ಬಂದವು, ಬೀದಿಯಲ್ಲಿ ಹೋಗುವವರು ನಿಂತರು. ಮೂರನೆಯದು ಶುರುವಾಗುತ್ತಲೇ ಮುರಿಗೆಪ್ಪನವರು ಎದ್ದು, ಸೆಕೆಯಲ್ಲಿ ಬೇಯುತ್ತಿದ್ದ ಅಷ್ಟು ಜನರನ್ನು ಒಳಗಿಟ್ಟುಕೊಂಡೇ, ಬಾಗಿಲು ಕಿಟಕಿ ಎಲ್ಲ ಮುಚ್ಚಿ ಚಿಲಕ ಹಾಕಿದರು. ಆಗ ನನಗೆ ಗೊತ್ತಾಯಿತು, ಈ ಮನುಷ್ಯನಿಗೆ ಒಳಗೊಳಗೆ ಗೊತ್ತಿದೆ ಎಂದು. ಗೊತ್ತಿಲ್ಲದವನು ಕಿಟಕಿ ಯಾಕೆ ಮುಚ್ಚುತ್ತಾನೆ?

ಆ ಸಂಜೆ ಅವಳು ಮಾವನ ಎದುರು ನಿಂತು ಅದನ್ನೇ ಕೇಳಿದಳಂತೆ. ಯಾಕೆ ಮುಚ್ಚಿದಿರಿ? ಅವರು ಆಗ ಬಾಯಿ ಬಿಟ್ಟರಂತೆ. ಅವರ ಹೆಂಡತಿ ಬಸಲಿಂಗಮ್ಮ ಇದ್ದಾಗ ಭಾನುವಾರದ ಉಪ್ಪಿಟ್ಟು ಆಕೆಯೇ ಮಾಡುತ್ತಿದ್ದುದು. ನಡುಮನೆಯಲ್ಲಿ ಇವರು ಹಾಡಿನಲ್ಲಿ ಮುಳುಗಿರುತ್ತಿದ್ದರು, ಒಳಗೆ ಆಕೆ ಇರುವುದೇ ನೆನಪಿರುತ್ತಿರಲಿಲ್ಲ. ಆ ಮೂರನೆಯ ಹಾಡು ನಿಂತಾಗ ಮಾತ್ರ ಅಡುಗೆಮನೆಯಿಂದ ಮಧ್ಯಾಹ್ನದ ಸಾರಿಗೆ ಸಾಸಿವೆ ಸಿಡಿಯುವುದು ಕೇಳಿಸುತ್ತಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ತಾನು ಹೆಂಡತಿಯನ್ನು ಕಿವಿಗೊಟ್ಟು ಕೇಳಿದ್ದು ಅಷ್ಟೇ ಹೊತ್ತು, ಅವಳು ಹೋದ ಮೇಲೂ ಪ್ರತಿ ಭಾನುವಾರ ಕೇಳುತ್ತಿರುವುದು ಅದನ್ನೇ ಎಂದರು. “ಅದು ಖಾಲಿ ಜಾಗ ಅಲ್ಲಮ್ಮ. ಅಲ್ಲಿ ನಿಮ್ಮತ್ತೆ ಇದ್ದಾಳೆ.”

ಅತ್ತೆಯನ್ನು ನೀಲಾಂಬಿಕೆ ಫೋಟೋದಲ್ಲಿ ಮಾತ್ರ ಕಂಡವಳು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಕೈ ಬಿಡುತ್ತಿದ್ದರು, ನಾನಾದರೂ ಬಿಡುತ್ತಿದ್ದೆ. ಅವಳು ಮಾತ್ರ ಕಣ್ಣೊರೆಸಿಕೊಂಡು ಹೇಳಿದಳು: “ಅತ್ತೆ ಜಾಗ ನನಗೆ ಬೇಡ ಮಾವ. ಆದ್ರೆ ಅಲ್ಲಿ ನಾನೂ ಇದ್ದೀನಿ.”

ಅವರಿಗೆ ಅದು ಹಿಡಿಸಲಿಲ್ಲ. ಹೆಂಡತಿಯ ವಿಷಯ ಬಾಯಿಂದ ಬಂದುಹೋದದ್ದಕ್ಕೆ ನಾಚಿಕೆಯೂ ಆಗಿರಬೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಾನು ಬದುಕಿರುವ ತನಕ ಈ ಮನೆಯಲ್ಲಿ ಕ್ಲಾರಿನೆಟ್ ಪೆಟ್ಟಿಗೆ ತೆರೆಯಕೂಡದು ಎಂದು ಹೇಳಿ ಎದ್ದುಹೋದರು. ಅಲ್ಲಿಯವರೆಗೆ ಅವಳ ಮಾತಿನ ಪ್ರಶ್ನೆಯಾಗಿತ್ತು, ಈಗ ಅವಳ ಉಸಿರಿನ ಪ್ರಶ್ನೆಯಾಯಿತು. ಊದುವುದು ಬಿಟ್ಟರೆ ತುಟಿಗೆ ಕ್ಲಾರಿನೆಟ್ ಮರೆತುಹೋಗುತ್ತದಂತೆ. ಅವಳಪ್ಪ ಹಬ್ಬದ ದಿನವೂ ಅಭ್ಯಾಸ ತಪ್ಪಿಸಿದವರಲ್ಲ. ಶಂಭುಲಿಂಗ ರಾತ್ರಿಯೆಲ್ಲ ಅತ್ತ ದರಿ ಇತ್ತ ಪುಲಿ ಎಂದು ಹೊರಳಾಡಿ, ಬೆಳಿಗ್ಗೆ ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ ತಾನೇ ತಂದು ನನ್ನ ಗಿರಣಿಯಲ್ಲಿಟ್ಟ. ಅವನ ಕೈಲಾದದ್ದು ಅದು, ನಾನು ಕಡಿಮೆಯೆನ್ನುವುದಿಲ್ಲ.

ಗಿರಣಿ ತಿರುಗುವಾಗ ಪಕ್ಕದವರು ಕೂಗಿದರೂ ಕೇಳುವುದಿಲ್ಲ. ಆ ಗದ್ದಲದಲ್ಲಿ ಮೂಟೆಗಳ ನಡುವೆ ನಿಂತು ಅವಳು ದಿನವೂ ಊದಿದಳು. ರೆಪ್ಪೆ, ಮುಂಗೂದಲು ಎಲ್ಲ ಹಿಟ್ಟು. ಕೆನ್ನೆ ಉಬ್ಬುವುದು ಕಾಣುತ್ತಿತ್ತು, ಬೆರಳು ಓಡುವುದು ಕಾಣುತ್ತಿತ್ತು, ದನಿ ಕೇಳುತ್ತಿರಲಿಲ್ಲ. ನಿನಗಾದರೂ ಕೇಳುತ್ತದೆಯೇ ಎಂದರೆ, ಹಲ್ಲಿಗೆ ತಿಳಿಯುತ್ತದೆ ರುದ್ರಕ್ಕ ಎನ್ನುತ್ತಿದ್ದಳು. ಬೀಸಿಸಲು ಬಂದವರು ನೋಡಿ ಸುಮ್ಮನೆ ಹೋಗುತ್ತಿದ್ದರು, ಒಬ್ಬರೂ ಎದುರು ಮನೆಗೆ ಚಾಡಿ ಹೇಳಲಿಲ್ಲ. ಹಿಂದೆ ಅವಳ ಪರವಾಗಿ ಬಾಯಿ ತೆರೆಯದ ವಾಮನಯ್ಯನವರು ಒಮ್ಮೆ ಗೋಧಿ ಬೀಸಿಸುವ ನೆಪದಲ್ಲಿ ಬಂದು ಚೀಲ ತೆರೆಯದೆ ನಿಂತು, ಅವಳ ಬೆರಳನ್ನೇ ನೋಡಿಕೊಂಡು ಹೋದರು.

ಒಂದು ಭಾನುವಾರ ಅವಳು ತೀರ್ಮಾನ ಮಾಡಿದಳು. ನನಗೂ ಹೇಳಿರಲಿಲ್ಲ. ಕೂಟ ತುಂಬಿತ್ತು, ಮೂರನೆಯ ಹಾಡಿನ ಎರಡನೆಯ ಚರಣ ಮುಗಿಯಿತು, ಮುರಿಗೆಪ್ಪನವರ ಬೆರಳು ಮೇಲೆದ್ದಿತು. ಅಡುಗೆಮನೆಯ ಬಾಗಿಲಲ್ಲಿ ನೀಲಾಂಬಿಕೆ ಕ್ಲಾರಿನೆಟ್ ತುಟಿಗಿಟ್ಟುಕೊಂಡು ನಿಂತಿದ್ದಳು. ಊದಿದಳು. ಆ ಮನೆ ನುಂಗುವುದು ಸ್ಪೀಕರಿನದನ್ನು ಮಾತ್ರ. ಎದುರಿಗೆ ನಿಂತು ಊದಿದರೆ ಅದೇನು ಮಾಡೀತು? ನಾವು ಇಷ್ಟು ಕಾಲ ನಮ್ಮ ನಮ್ಮ ಮನೆಯಲ್ಲಿ ಕೇಳಿದ್ದ ಅದೇ ಸ್ವರಗಳು, ಅದೇ ಎಳೆತ. ನಡುವೆ ಒಂದೆಡೆ ದನಿ ಕೀರಲಾಗಿ ಜಾರಿತು, ಮತ್ತೆ ಸರಿಹೋಯಿತು. ಅವಳ ಕೊನೆಯ ಸ್ವರ ಮುಗಿಯುವುದಕ್ಕೂ ಪ್ಲೇಟಿನ ಹಾಡುಗಾರ ಅದೇ ಸ್ವರ ಎತ್ತಿಕೊಳ್ಳುವುದಕ್ಕೂ ಕೂದಲೆಳೆಯ ಸಂದೂ ಇರಲಿಲ್ಲ. ವಾಮನಯ್ಯನವರ ಕಣ್ಣಲ್ಲಿ ನೀರಿತ್ತು.

ಹಾಡು ಮುಗಿಯಿತು. ಮುರಿಗೆಪ್ಪನವರ ಮುಖ ಬಿಳಿಚಿತ್ತು. ತಮ್ಮ ಹೆಂಡತಿಯನ್ನು ಯಾರೋ ಮನೆಯಿಂದ ಹೊರಗೆ ಹಾಕಿದಂತೆ ಕೂತಿದ್ದರು. ಕೊನೆಗೆ, “ಖಾಲಿ ಜಾಗ ಸಿಕ್ಕಿದ್ರೆ ಯಾರು ಬೇಕಾದ್ರೂ ತುಂಬಬಹುದು. ಅದನ್ನೂ ಜಾರದೆ ತುಂಬೋಕೆ ಬರಲಿಲ್ಲ ಇವಳಿಗೆ” ಅಂದರು.

ನನಗೆ ತಡೆಯಲಾಗಲಿಲ್ಲ. “ಮುರಿಗೆಪ್ಪನೋರೆ, ಅವಳು ಜಾರಿದ ಜಾಗದಲ್ಲೇ ನಮ್ಮನೆ ಪ್ಲೇಟೂ ಜಾರ್ತದೆ. ಯಾವತ್ತಿಂದಲೂ ಜಾರ್ತದೆ” ಅಂದೆ. ವಾಮನಯ್ಯನವರು ತಮ್ಮನೆಯಲ್ಲೂ ಹಾಗೇ ಎಂದರು. ಹುಸೇನಣ್ಣ ಕೈ ಎತ್ತಿದ. ಒಬ್ಬೊಬ್ಬರಾಗಿ ಕೂಟದ ಎಲ್ಲರೂ, ಇಷ್ಟು ದಿನ ತಿಂದ ಉಪ್ಪಿಟ್ಟು ಮರೆತು, ಹೌದು ಹೌದು ಎಂದರು. ಮುರಿಗೆಪ್ಪನವರು ಸೆಟ್ಟಿನ ಮೇಲೆ ಬಟ್ಟೆ ಮುಚ್ಚಿಸಿ ಎಲ್ಲರನ್ನೂ ಕಳಿಸಿದರು. ಮುಂದಿನ ಭಾನುವಾರ ಕರೆ ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಆ ಮನೆಯಿಂದ ಹಾಡೇ ನಿಂತುಹೋಯಿತು. ಶಂಭುಲಿಂಗ ಹೆಂಡತಿಗೆ, ಹೋಗಿ ತಪ್ಪಾಯ್ತು ಅಂದುಬಿಡು ಎಂದನಂತೆ. ಆಗದ ತಪ್ಪನ್ನು ಆಯಿತು ಅಂದರೆ ಆಗ ನಿಜವಾಗಿ ಸುಳ್ಳಿ ಆಗುತ್ತೇನ್ರೀ ಎಂದು ಅವಳು ಜಗ್ಗಲಿಲ್ಲ. ಗಿರಣಿಯಲ್ಲಿ ಊದುವುದನ್ನೂ ನಿಲ್ಲಿಸಲಿಲ್ಲ.

ಒಂದು ಮಧ್ಯಾಹ್ನ ಗಿರಣಿ ನಿಲ್ಲಿಸಿ ಊಟಕ್ಕೆ ಕೂರುವವಳಿದ್ದೆ. ಹೊಸ್ತಿಲಲ್ಲಿ ಮುರಿಗೆಪ್ಪನವರು ನಿಂತಿದ್ದರು. ಕಂಕುಳಲ್ಲಿ ಕೆಂಪು ಕವರಿನ ಆಲ್ಬಂ. ಊರಿನವರೆಲ್ಲ ಹೊತ್ತು ತಿರುಗುವ ಹಾಗೆ ಅವರು ಪ್ಲೇಟು ಹೊತ್ತು ಬೀದಿ ದಾಟಿದ್ದನ್ನು ನಾನು ಕಂಡದ್ದು ಅದೇ ಮೊದಲು. ಇದು ನನ್ನದೇ ಪ್ಲೇಟು, ನಿಮ್ಮನೆಯದು ಬೇಡ ಎಂದರು. ಆಗಲಿ ಅಂದೆ. ಮೂರನೆಯ ಹಾಡಿಗೆ ಮುಳ್ಳು ಇಟ್ಟೆ. ತಬಲಾ, ಹಾರ್ಮೋನಿಯಂ ಬಂದವು. ಅವರು ಗಾಬರಿಯಾಗಿ, ಹಾಡೋನೆಲ್ಲಿ ಎಂದರು. ನಮ್ಮಲ್ಲಿ ಅವನು ಬರೋದಿಲ್ಲ, ಕೂತ್ಕೊಳ್ಳಿ ಎಂದೆ. ಎರಡನೆಯ ಚರಣ ಮುಗಿಯುವ ಹೊತ್ತಿಗೆ ಅವರ ಬೆರಳು ಅಭ್ಯಾಸಬಲದಿಂದ ತಾನಾಗಿ ಮೇಲೆದ್ದಿತು. ಕ್ಲಾರಿನೆಟ್ ಬಂತು. ಬೆರಳು ಹಾಗೆಯೇ ನಿಂತಿತು. ದನಿ ಕೀರಲಾಗಿ ಜಾರುವ ಜಾಗ ಬಂದಾಗ ಅವರು ತಟಕ್ಕನೆ ನನ್ನ ಮುಖ ನೋಡಿದರು.

ಇನ್ನೊಮ್ಮೆ ಹಾಕಮ್ಮ ಎಂದರು. ಹಾಕಿದೆ. ಮತ್ತೊಮ್ಮೆ ಎಂದರು. ನನ್ನ ಅನ್ನ ಆರಿ ತಣ್ಣಗಾಯಿತು. ಆಮೇಲೆ ಮಂಡಿಯ ಮೇಲೆ ಕೈಯಿಟ್ಟುಕೊಂಡು, “ಈ ಹುಡುಗಿ ಇಷ್ಟು ವರ್ಷದಿಂದ ನನ್ನ ಮನೇಲೇ ಊದ್ತಾ ಇದ್ದಾಳೆ ರುದ್ರಮ್ಮ. ನನಗೆ ಕೇಳಿಸಲಿಲ್ಲ” ಅಂದರು. ಅಷ್ಟು ದೊಡ್ಡ ಮನುಷ್ಯ ಅಳುವುದನ್ನು ನೋಡಲು ಕಷ್ಟವಾಗುತ್ತದೆ. ನಾನು ನೀರು ತಂದುಕೊಟ್ಟೆ. ಸ್ವಲ್ಪ ಹೊತ್ತಿನ ಮೇಲೆ, ಹಾಗಾದರೆ ಬಸಲಿಂಗಿಯನ್ನು ಇನ್ನು ಎಲ್ಲಿ ಕೇಳಲಿ ಎಂದರು, ನನ್ನನ್ನು ಕೇಳಿದ್ದೋ ತಮ್ಮನ್ನೇ ಕೇಳಿಕೊಂಡದ್ದೋ. ಆ ಆಲ್ಬಮ್ಮಿನ ಐದನೆಯ ಹಾಡಿನಲ್ಲಿ ವಾದ್ಯವೆಲ್ಲ ನಿಂತು ಹಾಡುಗಾರನೊಬ್ಬನೇ ಆಲಾಪ ಎಳೆಯುತ್ತಾನಂತೆ. ನಮ್ಮ ಮನೆಯಲ್ಲಿ ಅಲ್ಲಿ ಏನೂ ಇಲ್ಲ, ನಿಮ್ಮಲ್ಲಿಗಿಂತ ಉದ್ದ ಇದೆ, ಬೇಕಾದರೆ ಬಂದು ಕೂತುಕೊಳ್ಳಿ ಎಂದೆ. ಮುಳ್ಳನ್ನು ಅಲ್ಲಿಗೆ ಇಟ್ಟು ನಾನು ಒಳಗೆ ಹೋದೆ. ನಾನು ಊಟ ಮುಗಿಸಿ ಬರುವಾಗ ಅವರಿನ್ನೂ ಕಣ್ಣು ಮುಚ್ಚಿ ಕೂತಿದ್ದರು.

ಮನೆಗೆ ಹೋಗಿ ಸೊಸೆಗೆ ಅವರು ಏನನ್ನೂ ಹೇಳಲಿಲ್ಲ. ನಾನೂ ಹೇಳಲಿಲ್ಲ, ಅದು ಅವರ ಬಾಯಿಂದಲೇ ಬರಬೇಕೆಂದು ಅವಳು ಪಣ ತೊಟ್ಟಿದ್ದಳಲ್ಲ. ಶನಿವಾರ ಸಂಜೆ ಮಾತ್ರ ಅವಳ ಮುಖ ನೋಡದೆ, ಕ್ಲಾರಿನೆಟ್ ಮರದ್ದು, ಹಿಟ್ಟಿನ ಧೂಳಿನಲ್ಲಿಟ್ಟರೆ ಹಾಳಾಗುತ್ತದೆ, ಗಿರಣಿಯಿಂದ ತಂದು ನಡುಮನೆಯ ಕಪಾಟಿನಲ್ಲಿಡು ಅಂದರಂತೆ. ಅವಳು ಓಡಿಬಂದು, ಅವರಿಗೆ ಗಿರಣಿಯ ವಿಷಯ ಗೊತ್ತಿತ್ತು ರುದ್ರಕ್ಕ ಎಂದಳು. ಪೆಟ್ಟಿಗೆ ತೆಗೆದುಕೊಂಡು ಹೋದಳು. ಆದರೆ ಅವಳ ಮುಖದ ಗಂಟು ಬಿಚ್ಚಿರಲಿಲ್ಲ. ಊದಲು ಬಿಟ್ಟರು ಸರಿ, ಸುಳ್ಳಿ ಅಂದದ್ದು ಹತ್ತು ಜನರ ಎದುರಿಗೆ ಎನ್ನುತ್ತಿದ್ದಳು.

ಮರುದಿನ ಎಲ್ಲರಿಗೂ ಕರೆ ಬಂತು. ಕೂಟದಲ್ಲಿ ಒಬ್ಬ ಹೊಸಬನಿದ್ದ, ಸಾಗುವಾನಿ ಕೊಳ್ಳಲು ಪರವೂರಿನಿಂದ ಬಂದ ವ್ಯಾಪಾರಿ. ಈ ಮನೆಯ ಸ್ಪೀಕರಿನ ಖ್ಯಾತಿ ಕೇಳಿ ಬಂದವನು. ಮೂರನೆಯ ಹಾಡಿನ ಎರಡನೆಯ ಚರಣ ಮುಗಿಯಿತು. ಮುರಿಗೆಪ್ಪನವರು ಈ ಸಲ ಬೆರಳೆತ್ತಲಿಲ್ಲ, ಅಡುಗೆಮನೆಯ ಬಾಗಿಲ ಕಡೆ ತಿರುಗಿ ಕೂತರು. ನೀಲಾಂಬಿಕೆ ಊದಿದಳು. ಬೇಕಾಗಿದ್ದರೆ ಜಾರದೆ ಊದಬಲ್ಲವಳು, ಗಿರಣಿಯಲ್ಲಿ ಅಷ್ಟು ದಿನ ತುಟಿ ಸವೆಸಿದವಳಿಗೆ ಅದೇನು ಕಷ್ಟ? ಆದರೂ ಆ ಜಾಗ ಬಂದಾಗ ಮಾವನ ಮುಖವನ್ನೇ ದಿಟ್ಟಿಸಿ ನೋಡುತ್ತ, ಪ್ಲೇಟಿನಲ್ಲಿ ಇರುವ ಹಾಗೆಯೇ ಜಾರಿಸಿದಳು. ಹಾಡು ಮುಗಿಯಿತು. ವ್ಯಾಪಾರಿ ಮನೆಯವರನ್ನು ಮೆಚ್ಚಿಸಬೇಕೆಂದು, ನಿಮ್ಮ ಸೊಸೆ ಬಹಳ ಚೆನ್ನಾಗಿ ಊದುತ್ತಾರೆ ಯಜಮಾನರೇ, ಆ ಒಂದು ಕಡೆ ಜಾರಿದ್ದು ಬಿಟ್ಟರೆ ಎಂದ.

ಮುರಿಗೆಪ್ಪನವರಿಗೆ ಸಿಟ್ಟು ಬಂತು. ಹೊನ್ನೆ ಮರದ ಆ ಪೆಟ್ಟಿಗೆಗಳ ಕಡೆ ಒಮ್ಮೆ ನೋಡಿದರು, ಸೊಸೆಯ ಕಡೆ ಒಮ್ಮೆ ನೋಡಿದರು.

“ಅವಳು ಜಾರಿಲ್ಲ ಕಣಯ್ಯ. ಪ್ಲೇಟಲ್ಲಿ ಅದು ಹಾಗೇ ಇರೋದು, ಊದಿದವಳೂ ಇವಳೇ. ನಮ್ಮನೇಲಿ ಕ್ಲಾರಿನೆಟ್ ಕೇಳಿಸೋದಿಲ್ಲ. ಎದುರು ಮನೆಗೆ ಹೋಗಿ ಕೇಳ್ಕೊಂಡು ಬಾ.”